ಅಣುಮಡಿ

ಥೈರಾಯ್ಡ್ ಕ್ಯಾನ್ಸರ್ ಬಂದವರಿಗೆ ನೆಂಟರಿಷ್ಟರು ಹೇಳುವ ಮೊದಲ ಸಮಾಧಾನ ಒಂದೇ: ‘ಬರೋದಿದ್ರೆ ಇದೇ ಬರಬೇಕು ಬಿಡಿ, ಕ್ಯಾನ್ಸರ್‌ಗಳಲ್ಲೇ ಇದು ಒಳ್ಳೇದಂತೆ.’ ಅವರ ಮಾತಿನ ಧಾಟಿ ಕೇಳಿದರೆ, ನಾನೇ ನಾಲ್ಕು ಕಡೆ ವಿಚಾರಿಸಿ ಇದನ್ನು ಆರಿಸಿಕೊಂಡೆನೇನೋ ಎಂದು ನನಗೇ ಅನುಮಾನ ಬರುತ್ತಿತ್ತು.

ಕತ್ತಿನೊಳಗಿನ ಗ್ರಂಥಿಯನ್ನು ಸರ್ಜನ್ ತೆಗೆದಾಗಿತ್ತು. ಅಲ್ಲಿ ಇಲ್ಲಿ ಉಳಿದ ಚೂರುಪಾರಿಗೆ ಅಯೋಡಿನ್-131 ಎಂಬ ವಿಕಿರಣದ ಗುಳಿಗೆ. ಥೈರಾಯ್ಡ್ ಕೋಶಗಳಿಗೆ ಅಯೋಡಿನ್ ಎಂದರೆ ಪ್ರಾಣ, ರಕ್ತದಲ್ಲಿ ಎಲ್ಲಿದ್ದರೂ ಎಳೆದುಕೊಳ್ಳುತ್ತವೆ. ಆ ಚಪಲವೇ ಅವಕ್ಕೆ ಮುಳುವು. ಏಕಾದಶಿ ಉಪವಾಸ ಮಾಡಿಸಿ, ದ್ವಾದಶಿ ಬೆಳಿಗ್ಗೆ ವಿಷದ ಪಾಯಸ ಬಡಿಸಿದ ಹಾಗೆ. ತೊಂದರೆ ಏನೆಂದರೆ ಏಕಾದಶಿಯನ್ನು ರೋಗಿಯೂ ಮಾಡಬೇಕು. ಅಂಗಡಿ ಉಪ್ಪು ಕೂಡದು, ಹಾಲು ಕೂಡದು, ಮೊಸರು ಕೂಡದು. ಅಂದರೆ ಕಾಫಿಯೂ ಇಲ್ಲ, ಮೊಸರನ್ನವೂ ಇಲ್ಲ. ಮೈಸೂರಿನವಳಿಗೆ ಇನ್ನು ಉಳಿದದ್ದೇನು? ಗಳಗಂಡ ತಡೆಯಲು ಸರ್ಕಾರ 1962ರಲ್ಲಿ ಶುರುಮಾಡಿದ ಯೋಜನೆಯ ದೆಸೆಯಿಂದ ಈಗ ಉಪ್ಪಿನ ಪ್ಯಾಕೆಟ್ ಒಡೆದರೆ ಅಯೋಡಿನ್ನೇ. ಅದಿಲ್ಲದ ಉಪ್ಪಿಗಾಗಿ ನಮ್ಮವರು ಸಂತೆಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿದರು. ಜೊತೆಗೆ ಥೈರಾಕ್ಸಿನ್ ಮಾತ್ರೆಯನ್ನೂ ವಾರಗಟ್ಟಲೆ ನಿಲ್ಲಿಸಿದ್ದರಿಂದ ನಾನು ಮಟಮಟ ಮಧ್ಯಾಹ್ನ ಶಾಲು ಹೊದ್ದು ಕೂತಲ್ಲೇ ತೂಕಡಿಸುತ್ತಿದ್ದೆ.

ಗುಳಿಗೆ ಬಂದದ್ದು ಸೀಸದ ಡಬ್ಬಿಯಲ್ಲಿ. ತಂದ ಹುಡುಗ ಮುಚ್ಚಳ ತೆಗೆದು, ‘ನುಂಗಿ ಮೇಡಂ, ಏನೂ ಆಗಲ್ಲ’ ಎಂದು ಧೈರ್ಯ ಹೇಳಿದ್ದು ಬಾಗಿಲಿನ ಆಚೆ ನಿಂತು. ಆಮೇಲೆ ಒಂಟಿ ಕೋಣೆಯ ವಾಸ. ಆ ಕೋಣೆಯ ಶೌಚದ ನೀರು ನೇರ ಚರಂಡಿಗೆ ಹೋಗುವುದಿಲ್ಲ. ಬೇರೆ ತೊಟ್ಟಿಯಲ್ಲಿ ಕೂಡಿಟ್ಟು, ವಿಕಿರಣ ಇಳಿದ ಮೇಲೆ ಬಿಡುತ್ತಾರೆ. ನಾನು ಮಾಡಿದ ಯಾವ ಉಪ್ಪಿನಕಾಯಿಯನ್ನೂ ನಮ್ಮ ಮನೆಯಲ್ಲಿ ಇಷ್ಟು ಜೋಪಾನವಾಗಿ ಇಟ್ಟವರಿಲ್ಲ.

ಬಿಡುಗಡೆಯ ದಿನ ಸುರಕ್ಷತಾ ಅಧಿಕಾರಿ ಒಂದು ಮೀಟರ್ ದೂರದಿಂದ ಯಂತ್ರ ಹಿಡಿದು ನನ್ನನ್ನು ಅಳೆದು, ಒಂದು ಹಾಳೆ ಕೈಗಿತ್ತರು. ಕಾರಿನ ಹಿಂದಿನ ಸೀಟಿನಲ್ಲಿ, ಡ್ರೈವರಿಗೆ ಓರೆಯಾಗಿ ಕೂರಬೇಕು. ಮನೆಯಲ್ಲಿ ಬೇರೆ ಹಾಸಿಗೆ, ಬೇರೆ ತಟ್ಟೆ ಲೋಟ, ಬಟ್ಟೆ ಬೇರೆ ಒಗೆಯುವುದು. ಮಕ್ಕಳು, ಬಸುರಿಯರು ಹತ್ತಿರ ಸುಳಿಯಬಾರದು. ಶೌಚಕ್ಕೆ ಹೋದಾಗಲೆಲ್ಲ ಎರಡು ಮೂರು ಸಲ ಫ್ಲಷ್. ಹಾಳೆಯ ತಳದಲ್ಲಿ ಇದೆಲ್ಲ ಮುಗಿಯುವ ತಾರೀಕು.

ನಮ್ಮವರು ಭೌತಶಾಸ್ತ್ರದ ನಿವೃತ್ತ ಮೇಷ್ಟ್ರು. ಹಾಳೆ ಸಿಕ್ಕಿದ್ದೇ ತಡ, ನಡುಮನೆಯಲ್ಲಿ ಪಾಠ ಸುರುವಾಯಿತು. ದೂರ ಎರಡರಷ್ಟಾದರೆ ವಿಕಿರಣ ಕಾಲುಭಾಗ, ಮೂರರಷ್ಟಾದರೆ ಒಂಬತ್ತರಲ್ಲಿ ಒಂದು. ನನ್ನ ಕೋಣೆಯ ಮುಂದಿನ ಕೆಂಪು ಗಾರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಅಯೋಡಿನ್-131ರ ಅರ್ಧಾಯುಷ್ಯ 8 ದಿನ. 8 ದಿನಕ್ಕೆ ಅರ್ಧ, 16ಕ್ಕೆ ಕಾಲು, 24ಕ್ಕೆ ಅರೆಕಾಲು. ‘ಹೀಗೆ ಅರ್ಧರ್ಧ ಆಗ್ತಾ ಹೋಗುತ್ತೆ, ಲೆಕ್ಕದಲ್ಲಿ ಪೂರ್ತಿ ಸೊನ್ನೆ ಆಗೋದೇ ಇಲ್ಲ’ ಎಂದು ಗೆದ್ದವರಂತೆ ನಿಂತರು. ಮೈಯಲ್ಲಿ ಸೇರಿದ್ದರಲ್ಲಿ ಬಹುಪಾಲು ಮೂತ್ರದಲ್ಲಿ ಮೊದಲ ಒಂದೆರಡು ದಿನದಲ್ಲೇ ಹೋಗಿರುತ್ತದೆ ಎಂಬುದನ್ನು ಮೇಷ್ಟ್ರು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದರು.

ಎಂಬತ್ತು ದಾಟಿದ ನಮ್ಮತ್ತೆಗೆ ಸೊನ್ನೆಯ ಮಾತು ರುಚಿಸಲಿಲ್ಲ. ‘ಸಾವಿನ ಸೂತಕಕ್ಕೇ ಒಂದು ಕೊನೆ ಇದೆ ಕಣೋ, ಇದೆಂಥ ಮೈಲಿಗೆ?’ ಮಿಕ್ಕಂತೆ ಅವರಿಗೆ ಹಾಳೆಯಲ್ಲಿ ಹೊಸದೇನೂ ಕಾಣಲಿಲ್ಲ. ಎಂಜಲು ಬೇರೆ, ಹಾಸಿಗೆ ಬೇರೆ, ಬಟ್ಟೆ ಬೇರೆ. ಅರವತ್ತು ವರ್ಷ ಮಡಿ ಮಾಡಿದ ಕೈ. ಅಟ್ಟದಿಂದ ಮಡಿಕೋಲು ಇಳಿಸಿದರು. ನನ್ನ ಸೀರೆ ಕೋಲಿನ ತುದಿಯಲ್ಲೇ ಗಳು ಏರಿತು, ಕೋಲಿನ ತುದಿಯಲ್ಲೇ ಇಳಿಯಿತು. ಊಟಕ್ಕೆ, ಯಾರದೋ ನಾಮಕರಣದಲ್ಲಿ ಕೊಟ್ಟ, ಅಂಚಿನಲ್ಲಿ ‘ಚಿ. ರಾಘವೇಂದ್ರ’ ಎಂದು ಕೊರೆದಿದ್ದ ಸ್ಟೀಲ್ ತಟ್ಟೆಯನ್ನು ಹುಡುಕಿ ತೆಗೆದರು; ಹೋದರೂ ಚಿಂತೆಯಿಲ್ಲದ ತಟ್ಟೆ. ಅದನ್ನು ಗೆರೆಯ ಹತ್ತಿರ ಇಟ್ಟು, ಸೌಟಿನಿಂದ ಎತ್ತರಿಸಿ ಸಾರು ಹಾಕಿ, ಕೈ ತಾಕಿಸದೆ ಕೋಲಿನಿಂದ ನನ್ನ ಕಡೆ ತಳ್ಳುತ್ತಿದ್ದರು. ಒಂದು ತೊಟ್ಟೂ ಚೆಲ್ಲುತ್ತಿರಲಿಲ್ಲ. ಆಸ್ಪತ್ರೆಯ ಆ ಹುಡುಗನಿಗೆ ಇವರ ಕೈಯಲ್ಲಿ ಒಂದು ವಾರ ತರಬೇತಿ ಕೊಡಿಸಬೇಕು.

ಒಂದು ಮಾತು ಮಾತ್ರ ನಾಲಗೆಯ ತುದಿಗೆ ಬಂದು ನಿಂತಿತ್ತು. ಮದುವೆಯಾದ ಹೊಸತರಲ್ಲಿ ಇದೇ ಅತ್ತೆ ತಿಂಗಳಿಗೆ ಮೂರು ದಿನ ನನ್ನನ್ನು ಹಿತ್ತಿಲ ಕೋಣೆಯಲ್ಲಿ ಕೂರಿಸುತ್ತಿದ್ದರಲ್ಲ, ಆಗ ನಾನೇನೂ ಸೂಸುತ್ತಿರಲಿಲ್ಲ. ಯಂತ್ರ ಹಿಡಿದು ಅಳೆದವರೂ ಇರಲಿಲ್ಲ.

ಗುಳಿಗೆ ಟ್ರಾಂಬೆಯ ಕಡೆಯಿಂದ ಬಂದಿರಬೇಕು ಎಂದು ನಮ್ಮವರು ಅಂದಮೇಲೆ ಅತ್ತೆಗೆ ಅದರ ಮೇಲೆ ಅಭಿಮಾನವೂ ಹುಟ್ಟಿತು. ಅಲ್ಲಿನ ಭಾಭಾ ಪರಮಾಣು ಕೇಂದ್ರಕ್ಕೆ ನಿರ್ದೇಶಕರಾಗಿದ್ದ ರಾಜಾ ರಾಮಣ್ಣ ತಿಪಟೂರಿನವರು, ಅತ್ತೆಯ ತವರೂ ತಿಪಟೂರು. ‘ನಮ್ಮ ಕಡೇದೇ ಔಷಧಿ, ವಾಸಿಯಾಗುತ್ತೆ.’ 1941ರಲ್ಲಿ ಬಾಸ್ಟನ್ನಿನ ಡಾಕ್ಟರ್ ಸಾಲ್ ಹರ್ಟ್ಜ್ ಥೈರಾಯ್ಡ್ ರೋಗಿಗೆ ಮೊದಲ ಬಾರಿ ಚಿಕಿತ್ಸೆಗೆಂದು ವಿಕಿರಣದ ಅಯೋಡಿನ್ ಕುಡಿಸಿದ್ದು ಎಂದು ಮಗ ಹೇಳಿದ್ದನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

ಜೊಲ್ಲಿನ ಗ್ರಂಥಿಗಳಲ್ಲೂ ಅಯೋಡಿನ್ ಸೇರುವುದರಿಂದ ಹುಳಿ ಚೀಪುತ್ತಿರಿ ಎಂದಿದ್ದರು. ನಿಂಬೆ ಪೆಪ್ಪರ್‌ಮೆಂಟು, ನೆಲ್ಲಿಕಾಯಿ, ಹುಣಸೆ ಚಿಗಳಿ ಎಲ್ಲ ಬಂದವು. ಐವತ್ತೈದರ ಹೆಂಗಸು ಕೋಣೆ ಬಿಟ್ಟು ಹೊರಗೆ ಬಾರದೆ ಹೊತ್ತುಹೊತ್ತಿಗೆ ಹುಳಿ ಬೇಡುವುದನ್ನು ಕಿಟಕಿಯಿಂದ ಗಮನಿಸಿದ ಪಕ್ಕದ ಮನೆಯಾಕೆ, ನಮ್ಮವರನ್ನು ಒಂಥರಾ ನೋಡತೊಡಗಿದರು.

ಅತ್ತೆ ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡರು. ನೋಡಲು ಬಂದ ಹೆಂಗಸರಿಗೆಲ್ಲ ಒಂದೇ ಪ್ರಶ್ನೆ, ಮೂರು ಮನೆಗೆ ಕೇಳುವಂತೆ: ‘ಬಸುರಿಯೇನೇ?’ ಅರವತ್ತರ ಲೈಬ್ರರಿಯನ್ ಮೇಡಂ ನಾಚಿ ನೀರಾದರು. ನಾದಿನಿಯ ಸೊಸೆ ಮಾತ್ರ ಒಳಗಿಟ್ಟ ಹೆಜ್ಜೆ ಹಿಂದೆ ತೆಗೆದು, ಹಣ್ಣಿನ ಚೀಲ ಗೇಟಿಗೆ ಸಿಕ್ಕಿಸಿ, ತಲೆ ತಗ್ಗಿಸಿ ನಿಂತಳು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎಂದು ಗಂಡ ಹೆಂಡತಿ ಮುಚ್ಚಿಟ್ಟಿದ್ದ ಸುದ್ದಿ ಸಂಜೆಯೊಳಗೆ ತಿಪಟೂರು ಮುಟ್ಟಿತು. ನಾದಿನಿಗೆ ತಿಳಿದದ್ದು ಎಲ್ಲರಾದ ಮೇಲೆ. ಆ ಕೋಪ ಇನ್ನೂ ಪೂರ್ತಿ ಇಳಿದಿಲ್ಲ.

ಜಗಳವಾದದ್ದು ಫ್ಲಷ್ ವಿಷಯಕ್ಕೆ ಮಾತ್ರ. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ. ಸಾಲದ್ದಕ್ಕೆ ಡಾಕ್ಟರು ನೀರು ಚೆನ್ನಾಗಿ ಕುಡಿಯಿರಿ ಎಂದಿದ್ದಾರೆ, ಕುಡಿದದ್ದು ಹೋಗಲೇಬೇಕು. ಒಳಗೆ ಸದ್ದಾದಾಗಲೆಲ್ಲ ಅತ್ತೆ ‘ಇನ್ನೂ ಎಷ್ಟೇ?’ ಎಂದು ಕೂಗುವರು.

ಉಳಿದಂತೆ ಆ ದಿನಗಳು ಚೆನ್ನಾಗಿಯೇ ಕಳೆದವು. ನನ್ನ ಕನ್ನಡಕ ಎಲ್ಲೇ, ಗ್ಯಾಸ್ ಪುಸ್ತಕ ಎಲ್ಲೇ ಎಂದು ಹತ್ತಿರ ಬಂದು ಕೇಳುವವರಿಲ್ಲ. ಗೆರೆಯ ಆಚೆ ನಿಂತು ಕೇಳಿದರೆ ನನಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಬೇಡುತ್ತಲೂ ಇರಲಿಲ್ಲ.

ಹಾಳೆಯ ತಳದ ತಾರೀಕು ಬಂತು. ರಾತ್ರಿ ನಮ್ಮವರು ದಿಂಬು ಹೊದಿಕೆ ಕಂಕುಳಲ್ಲಿಟ್ಟುಕೊಂಡು ಗೆರೆಯ ಹತ್ತಿರ ಹಾಜರಾದರು. ಮಂಚದ ನಡುವೆ ಕಾಲು ಚಾಚಿ ಮಲಗಿದ್ದ ನಾನು ಎದ್ದು ಕೂತೆ.

‘ಅಲ್ಲಾರೀ, ಲೆಕ್ಕದಲ್ಲಿ ಅದು ಪೂರ್ತಿ ಸೊನ್ನೆ ಆಗೋದೇ ಇಲ್ಲ ಅಂತ ನೀವೇ ಹೇಳಿದ್ರಲ್ವಾ?’

‘ಅದು ಲೆಕ್ಕದಲ್ಲಿ ಕಣೇ’ ಎಂದರು ಮೇಷ್ಟ್ರು.

‘ಹಾಗಾದ್ರೆ ಇನ್ನೊಂದು 8 ದಿನ ಕಳೀಲಿ, ಅರ್ಧ ಆದ್ರೂ ಆಗುತ್ತೆ’ ಎಂದು ದೀಪ ಆರಿಸಿದೆ.