ಸೊನ್ನೆ ಸಾಹೇಬರಿಗೆ ಕಲ್ಮಲದಿಂದ ಒಂದು ಕಾಗದ

ರಿಜಿಸ್ಟರಿನ ಕೊನೆಯ ಕಾಲಮ್ಮಿನಲ್ಲಿ ಕಾಯಂ ವಾಸವಿರುವ ಮಾನ್ಯ ಸೊನ್ನೆ ಸಾಹೇಬರಿಗೆ, ರಾಯಚೂರು ತಾಲ್ಲೂಕು ಕಲ್ಮಲದ ಹತ್ತಿ ರೈತನೊಬ್ಬನ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ನಿಮ್ಮ ಕುಶಲ ಕೇಳಬೇಕಾದ್ದೇ ಇಲ್ಲ. ನಮ್ಮ ಕುಶಲಕ್ಕಂತೂ ನೀವೇ ಸರ್ಟಿಫಿಕೇಟು.

ಮೊನ್ನೆ ಒಂದು ಕಚೇರಿಯಲ್ಲಿ ಬೇರೇನೋ ಕೆಲಸಕ್ಕೆ ಕಾಯುತ್ತ ಕೂತಿದ್ದಾಗ ಮೇಜಿನ ಮೇಲೆ ನಿಮ್ಮ ದರ್ಶನವಾಯಿತು. ಕೆಲಸದಿಂದ ಬಂದ ಕಾಯಿಲೆಗಳು ಎಂಬ ಸಾಲಿನ ಮುಂದೆ ದುಂಡಗೆ, ನೆಮ್ಮದಿಯಾಗಿ ಕೂತಿದ್ದಿರಿ. ಹಿಂದಿನ ತಿಂಗಳೂ ನೀವೇ, ಅದರ ಹಿಂದಿನ ತಿಂಗಳೂ ನೀವೇ. ಟ್ರಾನ್ಸ್‌ಫರ್ ಇಲ್ಲದೆ ಇಷ್ಟು ದಿನ ಒಂದೇ ಸೀಟಿನಲ್ಲಿ ಉಳಿದ ಅಧಿಕಾರಿಯನ್ನು ನಾನು ಈ ಭಾಗದಲ್ಲಿ ಕಂಡಿಲ್ಲ.

ನೀವು ಆ ಸೀಟು ಹೇಗೆ ಉಳಿಸಿಕೊಂಡಿರಿ ಎಂಬುದಕ್ಕೆ ನಾನೇ ಸಾಕ್ಷಿ. ನನ್ನ ಸೋದರಮಾವನ ಮಗ ಎದೆಮಟ್ಟ ಬೆಳೆದ ಹತ್ತಿಗೆ ಎಣ್ಣಿ ಹೊಡೆಯಲು ಹೋಗಿದ್ದ. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಅಂತಲೇ ಹೆಸರು. ಅಳತೆಗೆ ಬಾಟಲಿಯ ಮುಚ್ಚಳ, ಕಲಸಲು ಬೇವಿನ ಕಡ್ಡಿ, ಮೂಗಿಗೆ ಹೆಗಲ ಮೇಲಿನ ಟವೆಲ್ಲು. ಏಳನೆಯ ಪಂಪೋ ಎಂಟನೆಯದೋ ಹೊಡೆಯುವಾಗ ಗಾಳಿ ತಿರುಗಿತು. ಮಧ್ಯಾಹ್ನಕ್ಕೆ ಬದುವಿನ ಮೇಲೆ ಕೂತು ಒಂದೇ ಸಮ ವಾಂತಿ, ಬಾಯಲ್ಲಿ ಜೊಲ್ಲು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಆಟೋದಲ್ಲಿ ಹಾಕಿಕೊಂಡು ಓಡಿದೆವು. ಯಾವ ಆಸ್ಪತ್ರೆ ಎಂದು ಕೇಳಬೇಡಿ, ಡಾಕ್ಟರು ಅಟ್ರೋಪಿನ್ ಚುಚ್ಚಿ ಜೀವ ಉಳಿಸಿದ್ದಾರೆ.

ಚೀಟಿ ಬರೆಯುವವನು ಕೇಳಿದ, "ಏನಾಗೇತಿ?"

"ಎಣ್ಣಿ ಹೊಡ್ದಾನ್ರೀ."

"ಇಷ್ಟು ಹೊತ್ತಿಗೇನ?"

"ಆ ಎಣ್ಣಿ ಅಲ್ರೀ ಸರ, ಹತ್ತಿ ಎಣ್ಣಿ."

"ಹಂಗಂದ್ರ ಅದನ್ನ ಕುಡ್ದಾನ? ಮನ್ಯಾಗ ಜಗಳ ಆಗಿತ್ತೇನು?"

ಪೊಲೀಸರೂ ಬಂದು ಅವನ ಹೆಂಡತಿಯನ್ನು ಅದನ್ನೇ ಕೇಳಿ ಹೋದರು. ಹೆಸರು, ವಯಸ್ಸು, ತಂದೆಯ ಹೆಸರು, ಊರು, ಮೊಬೈಲ್ ನಂಬರು ಎಲ್ಲ ಬರೆಸಿಕೊಂಡ ಚೀಟಿಯಲ್ಲಿ ಉದ್ಯೋಗದ ಮುಂದೆ "ಇತರೆ" ಎಂದು ಬಿತ್ತು. ಅವನು ಆತ್ಮಹತ್ಯೆ ಯತ್ನದ ಲೆಕ್ಕಕ್ಕೆ ಹೋದನೋ, ವಾಂತಿಯ ಲೆಕ್ಕಕ್ಕೋ ದೇವರಿಗೇ ಗೊತ್ತು. ನಿಮ್ಮ ಕಾಲಮ್ಮಿಗಂತೂ ಬರಲಿಲ್ಲ.

ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆ "ನಿನ್ನ ಕಸುಬೇನು" ಎಂಬುದನ್ನೂ ಕೇಳಿ ಎಂದು ಇಟಲಿಯ ವೈದ್ಯ ರಮಜ್ಜಿನಿ 1700ರಲ್ಲೇ ಪುಸ್ತಕ ಬರೆದು ಹೇಳಿದ. ಆ ಪ್ರಶ್ನೆ ಮುನ್ನೂರು ವರ್ಷದಲ್ಲಿ ದೇವದುರ್ಗದ ಬಸ್ಸು ಹತ್ತಿತೋ, ಮಾನ್ವಿ ಬಸ್ಸು ಹತ್ತಿತೋ, ನಮ್ಮೂರ ಸ್ಟಾಪಿನಲ್ಲಂತೂ ಇಳಿದಿಲ್ಲ.

ಸಾಹೇಬರೇ, ನಿಮ್ಮನ್ನು ಸೀಟಿನಿಂದ ಎಬ್ಬಿಸಿದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಕೋಲಾರದ ಚಿನ್ನದ ಗಣಿಯಲ್ಲಿ 1940ರಿಂದ 46ರವರೆಗೆ 7,653 ಕಾರ್ಮಿಕರನ್ನು ತಪಾಸಣೆ ಮಾಡಿದರು. ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್, ಅಂದರೆ ಕಲ್ಲಿನ ದೂಳು ಕೂತು ಗಟ್ಟಿಯಾದ ಶ್ವಾಸಕೋಶ. ಒಬ್ಬ ಕೆಮ್ಮಿದರೆ ಕ್ಷಯವೋ ಬೀಡಿಯೋ ಅನ್ನಬಹುದು. ಒಂದೇ ಗೇಟಿನೊಳಗೆ ಸಾವಿರಾರು ಮಂದಿ ಕೆಮ್ಮುವುದನ್ನು ಒಂದೇ ಪುಸ್ತಕದಲ್ಲಿ ಬರೆದರೆ ಏನನ್ನುವುದು? ಹಟ್ಟಿಯ ಗಣಿ ನಮ್ಮ ಜಿಲ್ಲೆಯದೇ, ಅದಕ್ಕೇ ಈ ಹಳೇ ಲೆಕ್ಕ ಆಗಾಗ ನೆನಪಾಗುತ್ತದೆ. ಹತ್ತಿಯದೇ ಬೇಕೆಂದರೆ ಮಹಾರಾಷ್ಟ್ರದ ಯವತ್ಮಾಳ ನೋಡಿ. 2017ರಲ್ಲಿ ಔಷಧಿ ಸಿಂಪಡಿಸಿದ ನೂರಾರು ಮಂದಿ ಆಸ್ಪತ್ರೆ ಸೇರಿದರು, ಇಪ್ಪತ್ತರಷ್ಟು ಜನ ಸತ್ತರು. ಆ ಹೆಸರುಗಳು ಒಂದೆಡೆ ಕೂಡಿದ ಮೇಲೆಯೇ ಸರ್ಕಾರ ಕೆಲವು ಔಷಧಿಗಳ ಮಾರಾಟವನ್ನು ತಾತ್ಕಾಲಿಕವಾಗಿಯಾದರೂ ನಿಲ್ಲಿಸಿದ್ದು.

ಕಾನೂನು ಇಲ್ಲವೇ ಅನ್ನುತ್ತೀರಾ? 1948ರ ಕಾರ್ಖಾನೆ ಕಾಯ್ದೆಯಲ್ಲಿ 29 ಕಾಯಿಲೆಗಳ ಪಟ್ಟಿ ಇತ್ತು. ಕಂಡ ವೈದ್ಯರು ಕಾರ್ಖಾನೆಗಳ ಮುಖ್ಯ ಇನ್ಸ್‌ಪೆಕ್ಟರಿಗೆ ಬರೆದು ತಿಳಿಸಬೇಕಿತ್ತು, ತಪ್ಪಿದರೆ ಒಂದು ಸಾವಿರ ರೂಪಾಯಿವರೆಗೆ ದಂಡವಿತ್ತು. ಆದರೆ ನಮ್ಮ ಹೊಲಕ್ಕೆ ಗೇಟೂ ಇಲ್ಲ, ಸೈರನ್ನೂ ಇಲ್ಲ. ಅದು ಕಾರ್ಖಾನೆ ಹೇಗಾದೀತು? ಜಿನ್ನಿಂಗ್ ಮಿಲ್ಲಿಗೆ ಗೇಟಿದೆ. ಹತ್ತಿ ದೂಳಿನಿಂದ ಬರುವ ಬಿಸಿನೋಸಿಸ್ ಆ ಪಟ್ಟಿಯಲ್ಲೂ ಇತ್ತು. ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನವೇ ಎದೆ ಬಿಗಿಯುವುದು ಅದರ ಗುರುತು. ಆದರೆ ನಮ್ಮ ಓಣಿಯಲ್ಲಿ ಯಾರಾದರೂ ಎದೆ ಹಿಡಿದೈತಿ ಅಂದರೆ, "ನಿನ್ನೆ ಜಾತ್ರಿಗೆ ಹೋಗಿ ಬಜ್ಜಿ ತಿಂದಿದ್ದು" ಅಂತ ಮನೆಯಲ್ಲೇ ರೋಗ ನಿದಾನವಾಗಿಬಿಡುತ್ತದೆ. ಯಾವ ದಿನ ಬಿಗಿಯಿತು, ಎಲ್ಲಿ ಕೆಲಸ ಎಂದು ಬರೆದಿಡುವವರಿಲ್ಲದಿದ್ದರೆ ಬಜ್ಜಿಯೇ ಗೆಲ್ಲುತ್ತದೆ.

ನಿಮ್ಮ ಮೇಲೆ ನನಗೆ ದ್ವೇಷವಿಲ್ಲ. ಸೊನ್ನೆಗೆ ಬೆಲೆ ಬರುವುದು ಎಡಕ್ಕೊಂದು ಅಂಕಿ ಕೂತಾಗ ಎಂದು ಒಂದನೇ ಇಯತ್ತೆಯ ಮಾಸ್ತರು ಹೇಳುತ್ತಿದ್ದರು. ದಯವಿಟ್ಟು ಒಂಚೂರು ಸರಿದು ಜಾಗ ಕೊಡಿ. ಮೊದಲ ಅಂಕಿಗೆ ನಮ್ಮ ಹುಡುಗನ ಹೆಸರು ಬರೆಸುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಕಲ್ಮಲದ ಒಬ್ಬ "ಇತರೆ"

ತಾ.ಕ.: ಅವನು ಈ ವಾರ ಮತ್ತೆ ಪಂಪು ಹೊತ್ತಿದ್ದಾನೆ. ಟವೆಲ್ಲು ಅದೇ.