ರೂಟರ್ ಸಾಹೇಬರು

ರೂಟರ್ ಸಾಹೇಬರು ಶಕ್ತಿನಗರದ ಆಸುಪಾಸಿನಲ್ಲಿ ನಿವೃತ್ತಿಯ ಮರುವರ್ಷ ಕಾಣಿಸಿಕೊಳ್ಳುವ ತಳಿ. ಪೂರ್ವಾಶ್ರಮ, ಕೃಷ್ಣೆಯ ದಂಡೆಯ ಶಾಖೋತ್ಪನ್ನ ವಿದ್ಯುತ್ ಕೇಂದ್ರ. 1985ರಲ್ಲಿ ಮೊದಲ ಘಟಕ ಹೊತ್ತಿಕೊಂಡು, ಮುಂದೆ ಎಂಟು ಘಟಕಗಳಾಗಿ 1,720 ಮೆಗಾವಾಟ್‌ಗೆ ಬೆಳೆದ ಈ ಕೇಂದ್ರದಲ್ಲಿ ಟರ್ಬೈನ್ ತಿರುಗುವುದು ನಿಮಿಷಕ್ಕೆ 3,000 ಸುತ್ತು. ದೇಶದ ಕರೆಂಟು 50 ಹರ್ಟ್ಸ್ ಇರುವ ತನಕ ಅದಕ್ಕೆ ಬೇರೆ ವೇಗವಿಲ್ಲ. ಆ ಅಂಕಿ ಅಲುಗದಂತೆ ಕಾಯುತ್ತಲೇ ತಲೆ ನರೆತವರ ಕೈಗೆ, ಸುತ್ತನ್ನು 10,000ದಿಂದ 30,000ದವರೆಗೆ ತಿರುವಬಹುದಾದ, ಕಟ್ಟಿಗೆ ಕೊರೆಯುವ ರೂಟರ್ ಯಂತ್ರದ ಗುಂಡಿ ಸಿಕ್ಕಾಗ ಈ ತಳಿ ಹುಟ್ಟುತ್ತದೆ.

ವಾಸ, ಹಿತ್ತಲಿನ ತಗಡಿನ ಶೆಡ್ಡು. ಲಕ್ಷಣ, ಕಿವಿಯಲ್ಲಿ ಅರಳೆ, ಹುಬ್ಬಿನ ಮೇಲೆ ಹೊಟ್ಟು, ಕೈಯಲ್ಲಿ ಲಾಗ್‌ಬುಕ್. ಗುರಿ, ಸಾಗವಾನಿ ಹಲಗೆಯ ಮೇಲೆ ‘ಶ್ರೀ ರಾಘವೇಂದ್ರ ಪ್ರಸನ್ನ’ ಎಂಬ ಉಬ್ಬಕ್ಷರ. ಮನೆಯ ಗೃಹಪ್ರವೇಶವಾಗಿ ಎರಡು ವರ್ಷ ಕಳೆದಿರುತ್ತದೆ.

ಇವರ ಬೆಳವಣಿಗೆಗೆ ಮೂರು ಹಂತ. ಮೊದಲನೆಯದು ಭಯ. ಸುತ್ತು ಪೂರಾ ಏರಿಸಿ, ಬಿಟ್ಟನ್ನು, ಅಂದರೆ ಕೊರೆಯುವ ಅಲಗನ್ನು, ಇರುವೆಯಂತೆ ನಡೆಸುತ್ತಾರೆ. ಹಲ್ಲು ಕಟ್ಟಿಗೆಯನ್ನು ಕಚ್ಚದೆ ಬರೀ ಉಜ್ಜುತ್ತದೆ; ಅಂಚು ಕಪ್ಪಾಗಿ ಹೊಗೆಯೇಳುತ್ತದೆ. “ರಿಟೈರ್ ಆದ್ರೂ ಬೂದಿ ಮಾಡೋದು ಬಿಡ್ಲಿಲ್ರಿ ನೀವು” ಎಂಬ ಮಾತು ಅಡುಗೆಮನೆಯಿಂದ ಬರುವುದು ಈ ಹಂತದಲ್ಲಿ.

ಎರಡನೆಯದು ಧೈರ್ಯ. 6 ಮಿ.ಮೀ. ಬಿಟ್ಟನ್ನು ಒಂದೇ ಏಟಿಗೆ 6 ಮಿ.ಮೀ. ಆಳಕ್ಕಿಳಿಸುತ್ತಾರೆ. ಹಗುರ ಚೌಕಟ್ಟು ನಡುಗುತ್ತದೆ, ಮೋಟಾರು ಹೆಜ್ಜೆ ತಪ್ಪುತ್ತದೆ, ಬಿಟ್ ‘ಟಣ್’ ಎಂದು ಎರಡಾಗುತ್ತದೆ.

ಮೂರನೆಯದು ಗಣಿತ. ಸುತ್ತು, ಹಲ್ಲು, ಪ್ರತಿ ಹಲ್ಲು ಕಚ್ಚುವ ತುತ್ತು, ಇವುಗಳ ಗುಣಲಬ್ಧವೇ ಮುನ್ನಡೆಯ ವೇಗ. 18,000 ಸುತ್ತು, 2 ಹಲ್ಲು, 0.1 ಮಿ.ಮೀ. ತುತ್ತು ಎಂದರೆ ನಿಮಿಷಕ್ಕೆ 3,600 ಮಿ.ಮೀ. ಅಷ್ಟು ಓಡುವ ತ್ರಾಣ ಯಂತ್ರಕ್ಕಿಲ್ಲದಿದ್ದರೆ ಸುತ್ತನ್ನೂ ಇಳಿಸಬೇಕು: 10,000ಕ್ಕೆ 2,000 ಮಿ.ಮೀ. ಆಳ, ಬಿಟ್ಟಿನ ದಪ್ಪದ ಅರ್ಧಕ್ಕೆ ಮೀರದಿದ್ದರೆ ಕ್ಷೇಮ. ಲಾಗ್‌ಬುಕ್ ತುಂಬುತ್ತದೆ, ಹಲಗೆ ಮೊದಲಕ್ಷರದಾಚೆ ಖಾಲಿಯೇ ಇರುತ್ತದೆ, ಏಕೆಂದರೆ ಸಾಹೇಬರು ಹುಡುಕುತ್ತಿರುವುದು ಇನ್ನೊಂದು 3,000ವನ್ನು, ಯಾವ ಕಟ್ಟಿಗೆಗೂ ಯಾವ ದಿನಕ್ಕೂ ಬದಲಾಗದ ಒಂದೇ ಅಂಕಿಯನ್ನು. ಸಾಗವಾನಿಗೆ ಹೊಂದಿದ್ದು ಬೇವಿಗೆ ಹೊಂದದು. ಹೊಸ ಬಿಟ್ಟಿಗೆ ಒಪ್ಪಿದ್ದು ಮೊಂಡು ಬಿಟ್ಟಿಗೆ ಒಪ್ಪದು.

ಪರಿಹಾರ ತರುವವನು ಬಾಗಿಲು ರಿಪೇರಿಗೆ ಬಂದ ಬಡಿಗ. ಅವನು ಲೆಕ್ಕ ನೋಡುವುದಿಲ್ಲ; ನೆಲದ ಹೊಟ್ಟನ್ನು ಚಿಟಿಕೆಯಲ್ಲಿ ಹಿಡಿದು ನೋಡುತ್ತಾನೆ. “ಹಿಟ್ಟು ಬೀಳಾಕತ್ತೈತ್ರಿ ಸಾಹೇಬ್ರ. ಚಕ್ಕಿ ಬೀಳಬೇಕು. ಚೀರಿದ್ರ ಸುತ್ತು ಇಳಸ್ರಿ, ನಡುಗಿದ್ರ ಆಳ ಇಳಸ್ರಿ.”

ಹಲಗೆ ಕೊನೆಗೆ ಬಾಗಿಲ ಮೇಲೇರುತ್ತದೆ. ಧೈರ್ಯದ ಹಂತದಲ್ಲಿ ಕೊರೆದ ಮೊದಲಕ್ಷರದ ರವೊತ್ತು ಎಂದೋ ಹಾರಿಹೋಗಿರುವುದರಿಂದ, ಬಂದವರೆಲ್ಲ ಅದನ್ನು ‘ಶೀ’ ಎಂದೇ ಓದುತ್ತಾರೆ.