ಸುತ್ತು ದಾರಿಯೇ ಹತ್ತಿರ

ಮಗಳ ಬಾಣಂತನಕ್ಕೆಂದು ಹೊಸದುರ್ಗದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಚಿಕ್ಕಮ್ಮ ಕೇಳಿದ್ದು ಒಂದೇ ಮಾತು: "ಎಷ್ಟೊತ್ತಿನ ದಾರಿನೋ?" ಎಷ್ಟು ದೂರ ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಹೊಳಲ್ಕೆರೆಯಿಂದ ಚಿತ್ರದುರ್ಗ ಮೂವತ್ತು ಚಿಲ್ಲರೆ ಕಿಲೋಮೀಟರ್ ಎಂದು ತಿಳಿದು ಏನು ಪ್ರಯೋಜನ? ಬಸ್ಸು ಹೊರಡುವುದು ಕಂಡಕ್ಟರ್ ಟೀ ಮುಗಿಸಿದ ಮೇಲೆ.

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾ ನೇರ ವಿಮಾನ ಶುರುಮಾಡಿದಾಗ, ಅಲ್ಲಿಂದ ಹೊರಟ ಮೊದಲ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತವರ ಮಹಿಳಾ ತಂಡ ಉತ್ತರ ಧ್ರುವದ ಮೇಲೆ ಹಾಯಿಸಿ ಬೆಂಗಳೂರಿನ ದೇವನಹಳ್ಳಿ ನಿಲ್ದಾಣದಲ್ಲಿ ಇಳಿಸಿತು. ಹದಿನಾರು ಹದಿನೇಳು ಗಂಟೆಯ ಹಾರಾಟ.

ಚಿಕ್ಕಮ್ಮನನ್ನು ದೇವನಹಳ್ಳಿಗೆ ಬಿಡಲು ಹೊರಟ ನಮ್ಮ ಕಾರಿನ ಡ್ರೈವರ್ ಧ್ರುವಕ್ಕೆ ಹೋಗದಿದ್ದರೂ ಶಾಸ್ತ್ರ ಬಲ್ಲವನು. "ಹುಳಿಯಾರ್ ಮೇಲೆ ಹತ್ರ ಸಾರ್, ಹಿರಿಯೂರ್ ಮೇಲೆ ಬೇಗ" ಎಂದು ಹೆದ್ದಾರಿ ಕಡೆ ತಿರುಗಿಸಿದ. ತಮಾಷೆಯಲ್ಲ, ಏರ್ ಇಂಡಿಯಾ ಕೂಡ 2016ರ ಅಕ್ಟೋಬರ್‌ನಲ್ಲಿ ದೆಹಲಿಯ ವಿಮಾನವನ್ನು ಅಟ್ಲಾಂಟಿಕ್ ಬಿಡಿಸಿ ಪೆಸಿಫಿಕ್ ಮೇಲೆ ಸ್ಯಾನ್ ಫ್ರಾನ್ಸಿಸ್ಕೋಗೆ ಕಳಿಸಿತು. ದಾರಿ ಸಾವಿರ ಕಿ.ಮೀ.ಗೂ ಹೆಚ್ಚು ಬೆಳೆದು 15,300 ಆಯಿತು. ಬೆನ್ನ ಹಿಂದಿನ ಗಾಳಿ ನೂಕಿದ್ದರಿಂದ ಹೊತ್ತು ಮಾತ್ರ ಎರಡು ಗಂಟೆಯಷ್ಟು ಉಳಿಯಿತು. ಗಾಳಿಯ ಜಾಗದಲ್ಲಿ ನಮಗೆ ಗುಂಡಿಯಿಲ್ಲದ ರಸ್ತೆ ಸಿಕ್ಕಿತು, ಅಷ್ಟೇ.

ವಿಮಾನ ನಿಲ್ದಾಣದಲ್ಲಿ ತಡವಾದದ್ದು ಕೊಬ್ಬರಿಯಿಂದ. ಎಣ್ಣೆಯಂಶಕ್ಕೆ ತಾನೇ ಕಾವು ಏರಿ ಹೊತ್ತಿಕೊಳ್ಳಬಹುದೆಂದು ಒಣಕೊಬ್ಬರಿಯನ್ನು ವಿಮಾನದ ಸಾಮಾನಿಗೆ ಸೇರಿಸುವುದಿಲ್ಲ. ಬಾಣಂತಿ ಲೇಹಕ್ಕೆಂದು ಆರಿಸಿ ತಂದ ಗಿಟುಕುಗಳನ್ನು ಚಿಕ್ಕಮ್ಮ ಒಂದೊಂದಾಗಿ ಸೂಟ್‌ಕೇಸಿನಿಂದ ತೆಗೆದು ನನ್ನ ಕೈಗಿಟ್ಟಳು. "ವರ್ಷಗಟ್ಟಲೆ ಅಟ್ಟದ ಮೇಲಿರ್ತಾವೆ, ಒಂದಿನ ಹೊತ್ಕೊಂಡಿಲ್ಲ ಕಣಪ್ಪಾ" ಎಂದು ಅಲ್ಲಿದ್ದ ಹುಡುಗನಿಗೆ ಸಮಾಧಾನದಿಂದಲೇ ತಿಳಿಹೇಳಿದಳು. ಅವನು ನಕ್ಕ, ಬಿಡಲಿಲ್ಲ.

ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ರನ್‌ವೇ ಇಲ್ಲವೆನ್ನಬೇಡಿ. ಚಳ್ಳಕೆರೆ ಬಳಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರವಿದೆ. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯುಳ್ಳ ವಾಹನವನ್ನು ಹೆಲಿಕಾಪ್ಟರ್ ನಾಲ್ಕೂವರೆ ಕಿ.ಮೀ. ಮೇಲಿಂದ ಕೈಬಿಟ್ಟರೂ ಅದು ತಾನಾಗಿ ಬಂದು ಅಲ್ಲಿ ಇಳಿಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ತಪಸ್ ಡ್ರೋನ್ ಒಂದು ನೇರ ಹಿರಿಯೂರು ತಾಲ್ಲೂಕಿನ ಹೊಲಕ್ಕೇ ಬಿತ್ತು. ಪೈಲಟ್ ಇಲ್ಲದವಕ್ಕೆ ಜಿಲ್ಲೆಯ ತುಂಬ ಜಾಗ. ಟಿಕೆಟ್ ಇದ್ದವರು ದೇವನಹಳ್ಳಿಗೆ.

ಮಧ್ಯಾಹ್ನ ಎರಡರ ಮೇಲೆ ಹೊರಟ ಚಿಕ್ಕಮ್ಮ ಅದೇ ದಿನ ಸಂಜೆ ಐದರ ಹೊತ್ತಿಗೆ ಇಳಿದಳು. ಅಲ್ಲಿಯ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಗೋಡೆ ಗಡಿಯಾರದ ಲೆಕ್ಕಕ್ಕೆ ಬೆಂಗಳೂರು–ಅಮೆರಿಕ ಮೂರು ಗಂಟೆಯೊಳಗಿನ ದಾರಿ; ಹೊಸದುರ್ಗ–ದೇವನಹಳ್ಳಿಗೆ ನಮಗೆ ಐದು ಹಿಡಿದಿತ್ತು.

ಆದ್ದರಿಂದ ನಮ್ಮ ಕಡೆಯಿಂದ ಅಮೆರಿಕಕ್ಕೆ ಹೊರಡುವವರು ವಿಮಾನದ ಚಿಂತೆ ಬಿಡಿ. ಮಧ್ಯಾಹ್ನದ ವಿಮಾನಕ್ಕೆ ಬೆಳಗಿನ ಜಾವ ನಾಲ್ಕಕ್ಕೆ ಮನೆ ಬಿಡಿ, ಹಿರಿಯೂರು ಮೇಲೆ ಹೋಗಿ, ಕೊಬ್ಬರಿಯನ್ನು ಮನೆಯಲ್ಲೇ ಇಟ್ಟು ಹೋಗಿ.